ಕಂಡಕ್ಟರ್ ಸುಧಾರಾಣಿ ಆರಿಸಿದ ಹೋಟೆಲು

ರಾಣೇಬೆನ್ನೂರು ಡಿಪೋದ ಡ್ರೈವರುಗಳು ಬೆಳಿಗ್ಗೆ ಹಲಗೆಯ ಮೇಲೆ ಡ್ಯೂಟಿ ನೋಡುವಾಗ ತಮ್ಮ ಹೆಸರಿನ ಎದುರು ಸುಧಾರಾಣಿಯ ಹೆಸರು ಕಂಡರೆ ಬೀಡಿ ಆರಿಸಿ ಸೀದಾ ಬಸ್ಸಿನ ಕಡೆ ನಡೆಯುತ್ತಿದ್ದರು. ತಡ ಮಾಡಿದರೆ ಬೈಸಿಕೊಳ್ಳಬೇಕು, ಅದೂ ಪ್ಯಾಸೆಂಜರುಗಳ ಎದುರಿಗೇ. ಅವಳ ಸಿಟ್ಟು ರಾಣೇಬೆನ್ನೂರಿನಿಂದ ಬ್ಯಾಡಗಿ ದಾಟಿ ಹಾವೇರಿಯವರೆಗೆ ಹೆಸರಾಗಿತ್ತು. ಹೆಂಗಸರ ಸೀಟಿನಲ್ಲಿ ಕುಳಿತು ನಿದ್ದೆ ಬಂದವರಂತೆ ಕಣ್ಣು ಮುಚ್ಚುವ ಗಂಡಸರನ್ನು ಅವಳು ಭುಜ ಅಲುಗಾಡಿಸಿ ಎಬ್ಬಿಸುತ್ತಿದ್ದಳು. ಬಾಗಿಲಿಗೆ ಜೋತುಬಿದ್ದ ಕಾಲೇಜು ಹುಡುಗರು ಒಳಗೆ ಬರುವ ತನಕ ಸೀಟಿ ಊದುತ್ತಿರಲಿಲ್ಲ. ಒಮ್ಮೆ ಕುಡಿದು ಬಂದು ಹೆಂಗಸೊಬ್ಬಳಿಗೆ ಮೈ ತಾಗಿಸಿದವನನ್ನು ಕದರಮಂಡಲಗಿ ದಾಟಿದ ಮೇಲೆ ನಡುರಸ್ತೆಯಲ್ಲಿ, ಊರು ಕಾಣದ ಜಾಗದಲ್ಲಿ ಇಳಿಸಿದ್ದಳು.

ಅವಳು ಹುಟ್ಟಿದ್ದು ಕರ್ಜಗಿಯಲ್ಲಿ. ಮದುವೆಯಾಗಿ ರಾಣೇಬೆನ್ನೂರಿಗೆ ಬಂದಾಗ ಗಂಡ ಚೇತನಕುಮಾರನ ಎಸ್‌ಟಿಡಿ ಬೂತಿನ ಮುಂದೆ ಜನ ಸಾಲು ಹಚ್ಚಿ ನಿಲ್ಲುತ್ತಿದ್ದರು. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು. ಬೂತಿನ ಗಾಜಿನ ಪೆಟ್ಟಿಗೆಯೊಳಗೆ ಚೇತನಕುಮಾರ ಹಳೆಯ ಪೇಪರಿನ ಕಟ್ಟು ಇಡಲು ಶುರು ಮಾಡಿದ. ಹೆಂಗಸರನ್ನೂ ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎಂಬ ಸುದ್ದಿ ಓದಿದ ದಿನವೇ ಸುಧಾರಾಣಿ ಅರ್ಜಿ ತಂದಳು. ಮಾವ ತೀರಿಕೊಂಡಿದ್ದರಿಂದ ಆ ಮನೆಗೆ ಹಿರಿಯ ಎಂದರೆ ಗಂಡನ ಚಿಕ್ಕಪ್ಪ ಶೇಖಪ್ಪ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಆತ ಅವತ್ತು ಪಡಸಾಲೆಯಲ್ಲಿ ನಿಂತು, "ನಮ್ಮ ಮನೀ ಸೊಸಿ ಹೆಗಲಿಗೆ ಚೀಲ ಹಾಕ್ಕೊಂಡು ಕಂಡಕಂಡವರ ಕಡೆ ಕೈ ಚಾಚೋದೇನು?" ಎಂದಿದ್ದ. ಅದೇ ಶೇಖಪ್ಪ ಕೆಲಸ ಸಿಕ್ಕ ಮರುತಿಂಗಳಿಂದ ಸಂತೆಯ ದಿನ ಅವಳ ಬಸ್ಸಿನಲ್ಲೇ ಬಂದು, "ಸುಧವ್ವಾ, ಕಿಡಕಿ ಕಡಿ ಒಂದು ಸೀಟ್ ಹಿಡಿ" ಎನ್ನತೊಡಗಿದ್ದ. ಅವಳಿಗೆ ಆ ಮಾತು ಮರೆತಿರಲಿಲ್ಲ. ಸೀಟು ಹಿಡಿಯುವುದನ್ನೂ ತಪ್ಪಿಸಿರಲಿಲ್ಲ.

ಇದು ನಡೆದದ್ದು 2007ರ ಚಳಿಗಾಲದಲ್ಲಿ. ನಾದಿನಿ ಪ್ರಿಯಾಂಕಾ ಬಿ.ಕಾಂ. ಮುಗಿಸಿ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಕೆಲಸಕ್ಕಿದ್ದಳು. ಶೇಖಪ್ಪ ಅವಳಿಗೊಂದು ಸಂಬಂಧ ತಂದ. ಹುಡುಗ ಹಾವೇರಿಯವನು, ವಿಜಯಮಹಾಂತೇಶ, ಹೈಸ್ಕೂಲ್ ಮಾಸ್ತರ. ಫೋಟೋ ನೋಡಿದ ಪ್ರಿಯಾಂಕಾ ಏನೂ ಹೇಳದೆ ಅದನ್ನು ತನ್ನ ಪುಸ್ತಕದೊಳಗೆ ಇಟ್ಟುಕೊಂಡಳು. ಹೇಳದಿದ್ದರೂ ಮನೆಯವರಿಗೆಲ್ಲ ತಿಳಿಯಿತು.

ಹುಡುಗನ ಕಡೆಯವರದು ಒಂದು ಹೊಸ ಬಗೆಯ ಬೇಡಿಕೆಯಿತ್ತು. "ಮನೀಗೆ ಬಂದು ಉಪ್ಪಿಟ್ಟು ತಿಂದು ಹುಡುಗೀನ ನೋಡೋದು ಹಳೇ ಕಾಲ ಆತಂತ," ಎಂದು ಶೇಖಪ್ಪ ವಿವರಿಸಿದ. "ಒಂದು ಚಲೋ ಹೋಟೆಲ್ನ್ಯಾಗ ಸಂಜೀಕೆ ಎಲ್ಲಾರೂ ಕೂಡಿ ಊಟ ಮಾಡೂನು, ಹುಡುಗ ಹುಡುಗಿ ಮಾತಾಡ್ಲಿ, ಮನಸ್ಸಿಗೆ ಬಂದ್ರ ಮುಂದಿಂದು ಮುಂದ ಅಂತ ಅಂದಾರ." ಆಮೇಲೆ ಸುಧಾರಾಣಿಯ ಕಡೆ ತಿರುಗಿದ. "ಹೋಟೆಲ್ ನೋಡೋದು ನಿನ್ನ ಕೆಲಸ ಯವ್ವಾ. ಮೂರೂ ಊರು ತಿರುಗಾಕಿ ನೀನ."

ಅವಳಿಗೆ ನಿಜಕ್ಕೂ ಖುಷಿಯಾಯಿತು. ಆ ಮನೆಯಲ್ಲಿ ಅವಳ ತಿರುಗಾಟವನ್ನು ಯಾರಾದರೂ ಒಳ್ಳೆಯ ಗುಣವೆಂದು ಎಣಿಸಿದ್ದು ಅದೇ ಮೊದಲು.

ಹೋಟೆಲಿನ ವಿಷಯದಲ್ಲಿ ಅವಳಿಗೆ ಅವಳದೇ ಅಳತೆಗೋಲಿತ್ತು. ಗಾಜಿನ ಬಾಗಿಲು, ಎಸಿ, ಗೋಡೆಯ ಮೇಲಿನ ಜಲಪಾತದ ಚಿತ್ರ ಇವುಗಳಿಗೆ ಅವಳು ಮರುಳಾಗುವವಳಲ್ಲ. ಮೊದಲು ಕೇಳುವುದೇ ಹೆಂಗಸರ ಶೌಚಾಲಯ ಎಲ್ಲಿ ಎಂದು. ಇಷ್ಟು ವರ್ಷ ರಸ್ತೆಯ ಮೇಲೆ ದುಡಿದು ಅವಳು ಪಟ್ಟ ಪಾಡೆಲ್ಲ ಅದರದೇ. ಡ್ಯೂಟಿಯಿದ್ದ ದಿನ ಬಾಯಾರಿದರೂ ಅವಳು ಗುಟುಕು ಗುಟುಕಾಗಿಯೇ ನೀರು ಕುಡಿಯುವುದು.

ಹಾವೇರಿಯಲ್ಲಿ ಮೊದಲು ನೋಡಿದ್ದು ಹೊಸದಾಗಿ ತೆರೆದ ದೊಡ್ಡ ಹೋಟೆಲು. ಕುರ್ಚಿಗಳಿಗೆ ಇನ್ನೂ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿರಲಿಲ್ಲ. ಶೌಚಾಲಯಕ್ಕೆ ಬೀಗ. ಬೀಗದ ಕೈ ಗಲ್ಲಾದ ಮೇಲೆ ಕುಳಿತ ಮಾಲೀಕನ ಹತ್ತಿರ, ಒಂದು ಕಟ್ಟಿಗೆಯ ತುಂಡಿಗೆ ಕಟ್ಟಿತ್ತು. ಅದನ್ನು ಎತ್ತಿಕೊಡುತ್ತ ಆತ ಅವಸರಪಡಿಸುವಂತೆ, "ಲಗೂ ಬರ್ರಿ ಮತ್ತ" ಎಂದ. ಸುತ್ತ ಕುಳಿತವರೆಲ್ಲ ತಿರುಗಿ ನೋಡಿದರು. ಸುಧಾರಾಣಿಗೆ ಕೆನ್ನೆ ಉರಿಯಿತು. "ಲಗೂ ಯಾಕ್ರಿ, ಒಳಗ ಏನರ ಬಂಗಾರ ಇಟ್ಟೀರೇನು?" ಎಂದು ಕೀಲಿಯನ್ನು ಗಲ್ಲಾದ ಮೇಲೆ ಕುಕ್ಕಿ ಹೊರಬಂದಳು. ಇನ್ನೊಂದು ಕಡೆ 'ಫ್ಯಾಮಿಲಿ' ಎಂದು ಬೋರ್ಡಿದ್ದ ಮಹಡಿಗೆ ಹೋಗಬೇಕಾದರೆ ಕೆಳಗಿನ ಬಾರಿನ ನಡುವೆಯೇ ಹಾಯಬೇಕಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿ. ಅಲ್ಲಿನ ಹೋಟೆಲಿನಲ್ಲಿ ಮಾಣಿಯಿಂದ ಹಿಡಿದು ಗಿರಾಕಿಯವರೆಗೆ ಎಲ್ಲರೂ ಸೀನುತ್ತಿದ್ದರು, ಸಾಲದ್ದಕ್ಕೆ ಪ್ರತಿ ಮೇಜಿನಲ್ಲೂ ಶೇಖಪ್ಪನ ಪರಿಚಯದವರು.

ಕೊನೆಗೆ ಸಿಕ್ಕಿದ್ದು ತಮ್ಮದೇ ಊರಿನಲ್ಲಿ, ತಮ್ಮ ಮನೆಯಿಂದ ನಾಲ್ಕು ಓಣಿ ಆಚೆ. ಕುಪ್ಪೇಲೂರಿನ ಯುವರಾಜ ಎಂಬವನು ಪುಣೆಯ ಹೋಟೆಲುಗಳಲ್ಲಿ ಅಡುಗೆ ಮಾಡಿ ಬಂದು, ಹಳೆಯದೊಂದು ಮನೆಯನ್ನು ಬಾಡಿಗೆಗೆ ಹಿಡಿದು 'ಸಂಪ್ರೀತಿ' ಎಂದು ಶಾಕಾಹಾರಿ ಹೋಟೆಲು ಹಾಕಿದ್ದ. ಮೇಜುಗಳ ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಗಾಜಿನ ಲೋಟದಲ್ಲಿ ಮಡಚಿಟ್ಟ ಕಾಗದದ ರುಮಾಲು. ಒಳಗಿನ ಚೌಕದಲ್ಲಿ ತುಳಸಿಕಟ್ಟೆಯನ್ನು ಹಾಗೇ ಬಿಟ್ಟು ಸುತ್ತ ಸಣ್ಣ ದೀಪ ಹಚ್ಚಿದ್ದ. ಹೆಂಗಸರ ಶೌಚಾಲಯದಲ್ಲಿ ನೀರಿತ್ತು, ಚಿಲಕವಿತ್ತು, ಬಾಗಿಲ ಹಿಂದೆ ಚೀಲ ನೇತುಹಾಕಲು ಮೊಳೆಯಿತ್ತು. ಆ ಮೊಳೆಯನ್ನು ನೋಡಿಯೇ ಸುಧಾರಾಣಿ ತೀರ್ಮಾನ ಮಾಡಿದಳು.

"ಶನಿವಾರ ಸಂಜೀಕೆ ಎಂಟು ಮಂದಿಗೆ ಒಂದು ಟೇಬಲ್ ಇಡ್ರಿ," ಎಂದಳು.

"ಇಡತೇನ್ರಿ ಅಕ್ಕಾರ. ಯಾರ ಹೆಸರಿಲೇ?"

"ಸುಧಾರಾಣಿ ಅಂತ ಬರಕೋರಿ."

ಗುರುವಾರ ಸಂಜೆ ಶೇಖಪ್ಪ ಮನೆಗೆ ಬಂದ. ಚಹಾ ಕುಡಿದ. ಹೋಟೆಲಿನ ಬಗ್ಗೆ ಕೇಳಿ, ಭಲೇ ಎಂದ. ಕಪ್ಪನ್ನು ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ.

"ಸುಧವ್ವಾ, ಶನಿವಾರ ನೀ ಡ್ಯೂಟಿ ಹಾಕ್ಕೊಂಡ್ರ ಹೆಂಗ?"

ಅವಳಿಗೆ ಅರ್ಥವಾಗಲಿಲ್ಲ. "ನಾ ರಜಾ ಹಾಕೇನಲ್ಲ ಮಾವಾರ."

"ಅದಕ್ಕ ಹೇಳಾಕತ್ತಿದ್ದು. ಅವರು ಮನೀ ಮಂದಿ ಬಗ್ಗೆ ಕೇಳಿದ್ರು. ಹುಡುಗಿ ವೈನಿ ಏನ ಮಾಡತಾರ ಅಂದ್ರು. ನಾ ಸಾರಿಗಿ ಆಫೀಸಿನ್ಯಾಗ ಅದಾಳ ಅಂತ ಹೇಳೇನಿ. ನೀ ಅಲ್ಲಿ ಬಂದ್ರ ಮಾತಿಗೆ ಮಾತು ಬೆಳೀತಾವು. ಯಾವ ಸೆಕ್ಷನ್, ಯಾವ ಹುದ್ದೆ ಅಂತಾರ. ಮುಂದ ಲಗ್ನ ಆದಮ್ಯಾಲೆ ತಿಳಿದ್ರ ತಿಳೀವಲ್ದ್ಯಾಕ."

"ಯಾವ ಆಫೀಸ್ರಿ ಮಾವಾರ?" ಸುಧಾರಾಣಿಯ ದನಿ ಬಸ್ಸಿನಲ್ಲಿ ಏಳುವಂತೆ ಎದ್ದಿತು. "ನಾಲ್ಕು ಗಾಲೀ ಮ್ಯಾಲೆ ತಿರುಗೂ ಆಫೀಸೇನು? ಕಳ್ಳತನ ಮಾಡೇನೇನ ನಾನು? ಕಂಡಕ್ಟರ್ ಅನ್ನಾಕ ನಿಮ್ಮ ನಾಲಿಗಿ ಯಾಕ ತೊಡರತೈತಿ? ಸೀಟ್ ಹಿಡಿ ಅನ್ನಾಕ ತೊಡರೂದಿಲ್ಲಲ್ಲ!"

"ನೋಡ್ದ್ಯಾ, ನೋಡ್ದ್ಯಾ ಈಕಿ ಬಾಯಿ," ಎಂದು ಶೇಖಪ್ಪ ಚೇತನಕುಮಾರನ ಕಡೆ ನೋಡಿದ.

ಸುಧಾರಾಣಿಯೂ ಗಂಡನ ಕಡೆ ನೋಡಿದಳು. ಅವನು ಚಾಪೆಯ ಅಂಚಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದ. ಆಶ್ಚರ್ಯಪಟ್ಟಿರಲಿಲ್ಲ. ಅವನಿಗೆ ಇದು ಮೊದಲೇ ಗೊತ್ತಿತ್ತು ಎಂಬುದು ಅವಳಿಗೆ ಆ ಕ್ಷಣ ಹೊಳೆಯಿತು, ಶೇಖಪ್ಪನ ಮಾತಿಗಿಂತ ಅದು ಹೆಚ್ಚು ಚುಚ್ಚಿತು. ಅತ್ತೆ ನೀಲಗಂಗವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಹಿಂಡುತ್ತ, "ಇದೊಂದ ಸಲ ತಾಳ ಯವ್ವಾ. ಹುಡುಗೀ ಸಲುವಾಗಿ," ಎಂದಳು.

ಪ್ರಿಯಾಂಕಾ ಮನೆಯಲ್ಲಿರಲಿಲ್ಲ, ಸಂಘದ ಕೆಲಸದಿಂದ ಇನ್ನೂ ಬಂದಿರಲಿಲ್ಲ.

"ಆತು," ಎಂದಳು ಸುಧಾರಾಣಿ. "ಡ್ಯೂಟಿ ಹಾಕ್ಕೋತೇನಿ. ನಾ ನೋಡಿದ ಹೋಟೆಲ್ನ್ಯಾಗ ನೀವೆಲ್ಲಾ ಹೊಟ್ಟಿ ತುಂಬ ಉಣ್ರಿ."

ಶನಿವಾರ ಬೆಳಿಗ್ಗೆ ಅವಳು ಗಂಡನಿಗೆ ಚಹಾ ಕೊಡಲಿಲ್ಲ. ಪ್ರಿಯಾಂಕಾ, "ವೈನಿ, ನೀ ಬರಂಗಿಲ್ಲಂತ ಯಾಕ?" ಎಂದು ಕೇಳಿದಾಗ, "ಡಿಪೋದಾಗ ಮಂದಿ ಇಲ್ಲ" ಎಂದು ಹೇಳಿ ಚೀಲ ಹೆಗಲಿಗೇರಿಸಿ ಹೊರಟಳು. ಸೀರೆಯ ಮೇಲೆ ತೊಟ್ಟ ಖಾಕಿ ಅಂಗಿಯ ಗುಂಡಿಯನ್ನು ಓಣಿಯಲ್ಲಿ ನಡೆಯುತ್ತಲೇ ಹಾಕಿಕೊಂಡಳು. ಅವತ್ತು ಬಸ್ಸಿನಲ್ಲಿ ಯಾರೂ ಅವಳಿಂದ ಒಂದು ಮೆತ್ತನೆಯ ಮಾತು ಕೇಳಲಿಲ್ಲ.

ಸಂಜೆ ಹಾವೇರಿಯಿಂದ ವಾಪಸು ಹೊರಡುವ ಹೊತ್ತಿಗೆ ಬಸ್ಸು ತುಂಬಿತ್ತು. ಟಿಕೆಟ್ ಹರಿಯುತ್ತ ಮುಂದಿನಿಂದ ಹಿಂದಕ್ಕೆ ಬಂದವಳು ನಡುವಿನ ಸೀಟಿನ ಹತ್ತಿರ ತಡೆದು ನಿಂತಳು. ಫೋಟೋದ ಹುಡುಗ ಕುಳಿತಿದ್ದ. ಅದೇ ಅಗಲ ಹಣೆ, ಅದೇ ಸ್ವಲ್ಪ ಓರೆ ನಗೆ. ಪಕ್ಕದಲ್ಲಿ ಅವನ ತಂದೆ, ಎದುರಿನ ಹೆಂಗಸರ ಸೀಟಿನಲ್ಲಿ ರೇಷ್ಮೆ ಸೀರೆಯುಟ್ಟ ತಾಯಿ. ಸಂಬಂಧಿಕರ ಕಾರಿನಲ್ಲಿ ಬರುತ್ತಾರೆಂದು ಶೇಖಪ್ಪ ಹೇಳಿದ್ದ. ಕಾರು ಸಿಕ್ಕಿರಲಿಲ್ಲವೆಂದು ಕಾಣುತ್ತದೆ.

"ರಾಣೇಬೆನ್ನೂರು ಮೂರು ಕೊಡ್ರಿ ಬಾಯಾರ," ಎಂದರು ತಂದೆ.

ಅವಳು ಕೊಟ್ಟಳು. ಮುಖ ನೋಡಲಿಲ್ಲ. ಹಿಂದಿನ ಸೀಟುಗಳಿಗೆ ಹೋಗಬೇಕಾಗಿತ್ತು, ಆದರೆ ಮೋಟೆಬೆನ್ನೂರಿನ ತನಕ ಹತ್ತುವವರು ಇಳಿಯುವವರ ಗದ್ದಲದಲ್ಲಿ ಅಲ್ಲೇ ಕಂಬ ಹಿಡಿದು ನಿಲ್ಲಬೇಕಾಯಿತು. ಪುಷ್ಪಲತಾ ಎಂಬ ಆ ತಾಯಿ ಗಂಡನ ಜೊತೆ ಮಾತಾಡುತ್ತಿದ್ದಳು. ಬಸ್ಸಿನ ಸದ್ದಿಗೆ ದನಿ ಏರಿಸಿದ್ದರಿಂದ ಒಂದೊಂದು ಅಕ್ಷರವೂ ಕೇಳುತ್ತಿತ್ತು.

"ಹುಡುಗೀದು ಹೆಂಗರ ಇರಲಿ, ಆ ವೈನಿ ಜೋಡಿ ನೀವ ಮೊದಲ ಮಾತಾಡ್ರಿ. ಸಾರಿಗಿ ಆಫೀಸಿನ್ಯಾಗ ದೊಡ್ಡ ಹುದ್ದೆದಾಗ ಅದಾಳಂತ. ನಮ್ಮ ಅಳಿಯನ್ನ ಕುಮಟಾ ಡಿಪೋದಿಂದ ಈ ಕಡಿ ಬದಲಿ ಮಾಡಿಸಿ ತರಸತಾಳ ಅಂತ ಶೇಖಪ್ಪನವರು ಮಾತು ಕೊಟ್ಟಾರ."

"ಊಟ ಆದಮ್ಯಾಲೆ ಎತ್ತೂನು ಬಿಡು."

"ಊಟ ಆದಮ್ಯಾಲೆ ಎಲ್ಲಾರೂ ಕೈ ತೊಳಕೊಂಡು ಹೋಗತಾರ. ಮೊದಲ ಎತ್ತರಿ."

ಮುಚ್ಚಿಟ್ಟಿದ್ದಷ್ಟೇ ಅಲ್ಲ, ಶೇಖಪ್ಪ ಸುಧಾರಾಣಿಯನ್ನು ಮಾರಿಯೂ ಬಿಟ್ಟಿದ್ದ. ಮದುವೆಯಾದ ಮರುದಿನದಿಂದ ಈ ಹೆಂಗಸು ಅಳಿಯನ ಬದಲಿ ಎಲ್ಲಿ ಎಂದು ಕೇಳುತ್ತಾಳೆ. ಬದಲಿ ಬರುವುದಿಲ್ಲ. ಆಗ ಅನ್ನಿಸಿಕೊಳ್ಳುವವಳು ಪ್ರಿಯಾಂಕಾ, ಪಾತ್ರೆ ಬಡಿಯುವ ಸದ್ದು ಕೇಳುವವಳು ಪ್ರಿಯಾಂಕಾ. ಬ್ಯಾಡಗಿಯಲ್ಲಿ ಘಾಟು ಹೊತ್ತ ಜನ ಹತ್ತಿದರು, ಬಸ್ಸೆಲ್ಲ ಕೆಮ್ಮಿತು. ಯಾರೋ ಚಿಲ್ಲರೆ ಕೇಳಿದರು. ಅವಳು ಕೊಟ್ಟಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಕದರಮಂಡಲಗಿ ದಾಟುವ ಹೊತ್ತಿಗೆ ಏನು ಮಾಡಬೇಕೆಂದು ನಿರ್ಧರಿಸಿಯಾಗಿತ್ತು.

ಡಿಪೋದಲ್ಲಿ ದಿನದ ಹಣ ಒಪ್ಪಿಸಿ ಅವಳು ನಲ್ಲಿಯ ಕೆಳಗೆ ಮುಖ ಒಡ್ಡಿದಳು. ಚೀಲದಲ್ಲಿ ಬೇರೆ ಅಂಗಿಯಿರಲಿಲ್ಲ. ಇದ್ದಿದ್ದರೂ ಅವಳು ಬದಲಿಸುತ್ತಿರಲಿಲ್ಲ.

'ಸಂಪ್ರೀತಿ'ಯಲ್ಲಿ ತುಳಸಿಕಟ್ಟೆಯ ಪಕ್ಕದ ದೊಡ್ಡ ಮೇಜಿಗೆ ಎಲ್ಲರೂ ಕುಳಿತಿದ್ದರು. ಆಗಷ್ಟೇ ಸೂಪು ಬಂದಿತ್ತು. ಪ್ರಿಯಾಂಕಾ ಹಸಿರು ಸೀರೆಯಲ್ಲಿ, ಹುಡುಗ ಅವಳ ಎದುರಿಗೆ, ಇಬ್ಬರೂ ಯಾವುದಕ್ಕೋ ನಗುತ್ತಿದ್ದರು. ಖಾಕಿ ಅಂಗಿ ಕಂಡದ್ದೇ ಶೇಖಪ್ಪ ಅರ್ಧ ಎದ್ದ.

"ನಿನಗ ಡ್ಯೂಟಿ ಇತ್ತಲ್ಲ," ಎಂದ ಹಲ್ಲುಕಚ್ಚಿ.

"ಮುಗೀತು ಮಾವಾರ."

ಪುಷ್ಪಲತಾ ಚಮಚ ಕೆಳಗಿಟ್ಟಳು. "ಈಕಿ ನಮ್ಮ ಬಸ್ಸಿನ ಕಂಡಕ್ಟರ್ ಅಲ್ಲೇನ್ರಿ?"

"ಹೌದ್ರಿ," ಎಂದಳು ಸುಧಾರಾಣಿ. "ಪ್ರಿಯಾಂಕಾನ ವೈನಿನೂ ನಾನ. ಸಾರಿಗಿ ಆಫೀಸಿನ್ಯಾಗ ಯಾವ ಹುದ್ದೀನೂ ಇಲ್ಲ ನಂದು. ನಿಮ್ಮ ಅಳಿಯನ್ನ ಬದಲಿ ಮಾಡಸೋದು ನನ್ನ ಕೈಯಾಗ ಇಲ್ರಿ. ನನ್ನ ಬದಲೀನ ನನ್ನ ಕೈಯಾಗ ಇಲ್ಲ. ನಾಳೆ ನನ್ನ ನಾದಿನಿ ನಿಮ್ಮ ಮನ್ಯಾಗ ಇದರ ಸಲುವಾಗಿ ಮಾತು ಕೇಳಬಾರದು, ಅದಕ್ಕ ಇವತ್ತ ಹೇಳಾಕತ್ತೇನಿ."

ಶೇಖಪ್ಪ ನಗಲು ನೋಡಿದ. "ಪ್ರಮೋಷನ್ ಬರೂದೈತ್ರಿ ಈಕೀದು, ಇನ್ನೇನು ಒಂದು ವರ್ಷದಾಗ..."

"ಮಾವಾರ, ಸಾಕ ಮಾಡ್ರಿ!" ಎಂದು ಅವಳು ಕೂಗಿದ ರಭಸಕ್ಕೆ ಅಡುಗೆಮನೆಯಿಂದ ಯುವರಾಜ ಇಣುಕಿದ.

ಹುಡುಗನ ತಂದೆ ಕುರ್ಚಿ ಹಿಂದೆ ಸರಿಸಿದರು. ಪುಷ್ಪಲತಾಳ ಮುಖ ಕೆಂಪಾಗಿತ್ತು. ಅವಳಿಗೂ ಅವಮಾನವಾಗಿತ್ತು, ಬಸ್ಸಿನಲ್ಲಿ ಆಡಿದ್ದೆಲ್ಲ ಇವಳು ಕೇಳಿಸಿಕೊಂಡಿದ್ದಾಳೆಂದು ತಿಳಿದುಹೋಗಿತ್ತು. "ಕಂಡಕ್ಟರ್ ಅಂತ ಮೊದಲ ಹೇಳಿದ್ರ ನಾವು ಬರತಿದ್ವೋ ಇಲ್ಲೋ, ಅದು ಬ್ಯಾರೆ ಮಾತು," ಎಂದಳು. "ಹಿಂಗ ಸುಳ್ಳು ಹೇಳಿ ಕರಸಿದ್ದು ಚಲೋ ಆಗಲಿಲ್ಲ."

"ಬರತಿದ್ದಿಲ್ಲ ಅಂತ ನಿಮ್ಮ ಬಾಯಿಲೇ ಬಂತಲ್ರಿ," ಎಂದಳು ಸುಧಾರಾಣಿ.

ವಿಜಯಮಹಾಂತೇಶ ಪ್ರಿಯಾಂಕಾಳನ್ನು ನೋಡಿದ. ಬಾಯಿ ತೆರೆದ. ತಾಯಿ ಎದ್ದಳು, ಅವನೂ ಎದ್ದ. ಸುಧಾರಾಣಿಗೆ ಅವನ ಮೇಲೂ ಮೈಯುರಿಯಿತು. ಇವನೂ ಚಾಪೆಯ ದಾರ ಸುತ್ತುವ ಜಾತಿಯೇ ಅಂದುಕೊಂಡಳು. ಅವರು ಮೂವರೂ ಹೊರಗೆ ಹೋಗುವಾಗ ನೀಲಗಂಗವ್ವ ಕೈ ಮುಗಿದಳು. ಯಾರೂ ತಿರುಗಿ ಮುಗಿಯಲಿಲ್ಲ.

"ಹುಡುಗೀ ಬಾಳೇವಿಗೆ ಬೆಂಕಿ ಹಚ್ಚಿದಿ," ಎಂದ ಶೇಖಪ್ಪ. "ಇನ್ನ ಈಕೀ ಲಗ್ನ ನೀನ ಮಾಡು." ಹೆಗಲ ಮೇಲಿನ ಟವೆಲು ಕೊಡವಿ ಅವನೂ ಹೋದ.

ಸುಧಾರಾಣಿ ಗಂಡನ ಎದುರಿನ ಕುರ್ಚಿ ಎಳೆದು ಕುಳಿತಳು. "ನಿಮಗ ಗೊತ್ತಿತ್ತು," ಎಂದಳು.

"ಬದಲೀದು ಗೊತ್ತಿರಲಿಲ್ಲ ಸುಧಾ. ದೇವರಾಣಿ."

"ಆಫೀಸಿಂದು?"

ಚೇತನಕುಮಾರ ಸೂಪಿನ ಬಟ್ಟಲನ್ನು ನೋಡಿದ. ಅವಳಿಗೆ ಆ ಬಟ್ಟಲನ್ನು ಎತ್ತಿ ನೆಲಕ್ಕೆ ಅಪ್ಪಳಿಸಬೇಕೆನಿಸಿತು. ಅಷ್ಟರಲ್ಲಿ ಯುವರಾಜ ರೊಟ್ಟಿಯ ಬುಟ್ಟಿ, ಎಣ್ಣೆಗಾಯಿ, ಬಿಸಿ ಪಲ್ಯ ಹಿಡಿದು ಬಂದು, ಅರ್ಧ ಖಾಲಿಯಾದ ಮೇಜಿನ ಮುಂದೆ ಏನು ಮಾಡಬೇಕೆಂದು ತೋಚದೆ ನಿಂತ.

"ಇಡಪಾ," ಎಂದಳು ನೀಲಗಂಗವ್ವ. ಅವಳ ಕಣ್ಣು ತುಂಬಿತ್ತು, ಆದರೂ ದನಿ ಗಟ್ಟಿಯಾಗಿತ್ತು. "ಒಲಿ ಮುಂದ ನಿಂತು ಮಾಡೀದಿ, ಹಾಳಾಗಬಾರದು. ಸುಧಾ, ನೀ ಮುಂಜಾನಿಂದ ಏನೂ ತಿಂದಿಲ್ಲ. ಉಣ್ಣು."

ಸುಧಾರಾಣಿ ಉಂಡಳು. ಸಿಟ್ಟಿನಲ್ಲೇ ಉಂಡಳು. ಎಣ್ಣೆಗಾಯಿ ಬಹಳ ಚೆನ್ನಾಗಿತ್ತು, ಅದೂ ಅವಳ ಸಿಟ್ಟನ್ನು ಹೆಚ್ಚಿಸಿತು. ಚೇತನಕುಮಾರ ಎರಡು ತುತ್ತು ತಿಂದು ಕೈ ತೊಳೆದ. ಪ್ರಿಯಾಂಕಾ ಮಾತ್ರ ತಟ್ಟೆ ಮುಟ್ಟಲಿಲ್ಲ. ತಲೆ ತಗ್ಗಿಸಿ ಕಾಗದದ ರುಮಾಲನ್ನು ಸಣ್ಣಗೆ, ಇನ್ನೂ ಸಣ್ಣಗೆ ಹರಿಯುತ್ತಿದ್ದಳು.

ಮನೆಗೆ ನಡೆದುಬರುವಾಗ ಸುಧಾರಾಣಿ ಅವಳ ಹೆಗಲ ಮೇಲೆ ಕೈಯಿಟ್ಟಳು. "ಹೋಗಲಿ ಬಿಡು. ಅಂಥಾ ಮನೀ ನಿನಗ ಬ್ಯಾಡಾಗಿತ್ತು."

ಪ್ರಿಯಾಂಕಾ ಕೈಯನ್ನು ಕೊಡವಿದಳು. ಓಣಿಯ ನಡುವೆ ನಿಂತುಬಿಟ್ಟಳು.

"ನನಗ ಬ್ಯಾಡಾಗಿತ್ತೋ ಬೇಕಾಗಿತ್ತೋ, ನನ್ನ ಕೇಳಿದ್ಯಾ ವೈನಿ?" ಅವಳ ದನಿ ಒಡೆಯಿತು. "ಕಾಕಾ ಮುಚ್ಚಿಡಬೇಕು ಅಂದ್ರು, ಮುಚ್ಚಿಟ್ರು. ನೀ ಹೇಳಬೇಕು ಅಂದಿ, ಬಂದು ಹೇಳಿದಿ. ನೀ ಡಿಪೋದಾಗ ಮಂದಿ ಇಲ್ಲ ಅಂತ ನನಗೂ ಸುಳ್ಳ ಹೇಳಿದಿ. ಮುಂಜಾನೆ ಖರೇ ಹೇಳಿದ್ರ ನಾನ ಅವನ ಮುಂದ ಹೇಳತಿದ್ದೆ, ನಮ್ಮ ವೈನಿ ಕಂಡಕ್ಟರ್ ಅಂತ. ಅವನು ಎದ್ದು ಹೋಗತಿದ್ದನೋ ಕುಂದರತಿದ್ದನೋ, ನನಗರ ತಿಳೀತಿತ್ತು. ಈಗ ಎಂದೂ ತಿಳಿಯೂದಿಲ್ಲ."

ಪ್ರಿಯಾಂಕಾ ಚಪ್ಪಲಿ ಬಡಿಯುತ್ತ ಮುಂದೆ ಹೋದಳು, ಅವಳ ಹಿಂದೆ ನೀಲಗಂಗವ್ವ. ಚೇತನಕುಮಾರ ಹೆಂಡತಿಯ ಪಕ್ಕಕ್ಕೆ ಬಂದು, "ನಡಿ" ಎಂದ. "ನೀವು ನಡೀರಿ," ಎಂದಳು ಅವಳು. ಅವನ ಮೇಲಿನ ಸಿಟ್ಟು ಹಾಗೇ ಇತ್ತು, ಶೇಖಪ್ಪನ ಮೇಲಿನದೂ. ಈಗ ಅದಕ್ಕೆ ತನ್ನ ಮೇಲಿನದೂ ಸೇರಿತ್ತು. ಅದು ಬೇರೆ ಎಲ್ಲಕ್ಕಿಂತ ಖಾರವಾಗಿತ್ತು.

ಪ್ರಿಯಾಂಕಾ ಅವಳ ಜೊತೆ ಬಹಳ ದಿನ ಮಾತಾಡಲಿಲ್ಲ. ಹಾವೇರಿಯ ಹುಡುಗ ಒಮ್ಮೆ ಸಂಘದ ಫೋನಿಗೆ ಕರೆ ಮಾಡಿದ್ದನಂತೆ. ಅವನು ಏನು ಹೇಳಿದ, ಇವಳು ಏನು ಹೇಳಿದಳು ಎಂದು ಅವಳು ಯಾರಿಗೂ ಹೇಳಲಿಲ್ಲ. ಅದು ಮುಂದುವರಿಯಲೂ ಇಲ್ಲ. ಒಂದು ದಿನ ಗ್ಯಾಸ್ ಸಿಲಿಂಡರು ಖಾಲಿಯಾಗಿ ಇಬ್ಬರೂ ಸೇರಿ ಒಲೆ ಹೊತ್ತಿಸಬೇಕಾಗಿ ಬಂದಾಗ, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ, "ಊದುಗೊಳವಿ ಕೊಡು ವೈನಿ" ಎಂದಳು. ಮಾತು ಅಲ್ಲಿಂದ ಮತ್ತೆ ಶುರುವಾಯಿತು, ಮೊದಲಿನಂತಲ್ಲದಿದ್ದರೂ.

ಮರುವರ್ಷ ಬೇಸಿಗೆಯಲ್ಲಿ ಹಿರೇಕೆರೂರಿನ ಕಡೆಯಿಂದ ಇನ್ನೊಂದು ಸಂಬಂಧ ಬಂತು. ಹುಡುಗನ ಮನೆಯವರು ಬಂದು ಕುಳಿತ ಮೇಲೆ ಪ್ರಿಯಾಂಕಾ, "ನಾವಿಬ್ಬರ ಮಾತಾಡತೇವಿ, ಎಲ್ಲಾರೂ ಸ್ವಲ್ಪ ಹೊರಗ ಕುಂದರ್ರಿ" ಎಂದಳು. ಆ ಮನೆಯಲ್ಲಿ ಅಲ್ಲಿಯವರೆಗೆ ಯಾವ ಹೆಣ್ಣೂ ಹೀಗೆ ಹೇಳಿರಲಿಲ್ಲ. ಕಟ್ಟೆಯ ಮೇಲೆ ಜಾಗ ಸಾಲದೆ ಸುಧಾರಾಣಿ ಶೇಖಪ್ಪನ ಪಕ್ಕದಲ್ಲೇ ಕುಳಿತುಕೊಳ್ಳಬೇಕಾಯಿತು. ಅವನು ಆ ಕಡೆ ಮುಖ ತಿರುಗಿಸಿದ್ದ, ಅವಳು ಈ ಕಡೆ. ಒಳಗಿನಿಂದ ಪ್ರಿಯಾಂಕಾಳ ದನಿ ಕೇಳುತ್ತಿತ್ತು, ಆಗಾಗ ಹುಡುಗನದೂ. ಮಾತು ಮಾತ್ರ ತಿಳಿಯುತ್ತಿರಲಿಲ್ಲ.